ಪ್ರತಿ ರಿಕ್ವೆಸ್ಟ್‌ಗೂ ಡೇಟಾಬೇಸ್ ಕಾನ್ಫಿಗ್ ಚೆಕ್ ಮಾಡೋದು: ಇದನ್ನ ಹಗುರ ಮಾಡೋದು ಹೆಂಗ್ರಿ?

ಮಂಡಿಪೇಟೆ_ಪಿಎಚ್‌ಪಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಗಳಿಗೆ ಒಂದು ವೆಬ್ ಅಪ್ಲಿಕೇಷನ್ ನಡೆಸ್ತೀವಿ. ಲಾಟ್ ಎಂಟ್ರಿ, ತೂಕ, ರೈತರ ಪಟ್ಟಿ (ಮಾರಾಟದ ಲೆಕ್ಕದ ಚೀಟಿ), ಖರೀದಿದಾರರ ಬಿಲ್, ಇಷ್ಟೇ ಕೆಲಸ. ಪಿಎಚ್‌ಪಿ ಎಫ್‌ಪಿಎಂ (ರಿಕ್ವೆಸ್ಟ್‌ಗಳನ್ನ ಹಲವು ವರ್ಕರ್ ಪ್ರೋಸೆಸ್‌ಗಳಿಗೆ ಹಂಚೋದು), ಡೇಟಾಬೇಸ್ ಮೈಎಸ್‌ಕ್ಯೂಎಲ್ 8, ಎರಡು ವೆಬ್ ಸರ್ವರ್. ಕೋಡ್ ಹಿಂದಿದ್ದೋರು ಬರೆದಿದ್ದು, ಈಗ ನನ್ನ ಕೈಗೆ ಬಂದೈತಿ.

ಒಂದೊಂದು ಅಂಗಡಿಗೂ ಬೇರೆ ಡೇಟಾಬೇಸ್ ಐತಿ. ಯಾವ ಅಂಗಡಿದು ಯಾವ ಸರ್ವರ್‌ನಾಗೈತಿ, ಯೂಸರ್ ಏನು, ಪಾಸ್‌ವರ್ಡ್ ಏನು ಅನ್ನೋದೆಲ್ಲ "ಮಾಸ್ಟರ್" ಅನ್ನೋ ಇನ್ನೊಂದು ಡೇಟಾಬೇಸ್‌ನಾಗೈತಿ. ಅದು ಬೇರೆ ಮಷೀನ್. ಈಗ ಪ್ರತಿ ರಿಕ್ವೆಸ್ಟ್‌ಗೂ ಏನಾಗ್ತದಂದ್ರ: ಮೊದಲು ಮಾಸ್ಟರ್‌ಗೆ ಕನೆಕ್ಟ್ ಆಗಿ, ಸಬ್‌ಡೊಮೇನ್ ನೋಡಿ ಅಂಗಡಿಯ ವಿವರ ತರ್ತದೆ. ಚಂದಾ ಕಟ್ಯಾರೋ ಇಲ್ಲೋ ನೋಡ್ತದೆ. ಆಮೇಲೆ ಅಂಗಡಿ ಡೇಟಾಬೇಸ್‌ಗೆ ಕನೆಕ್ಟ್ ಆಗ್ತದೆ. ಅಲ್ಲಿ ಬೇಕಾದ ಟೇಬಲ್‌ಗಳೆಲ್ಲ ಅದಾವೋ ಅಂತ ಒಂದು ಸಲ "ಶೋ ಟೇಬಲ್ಸ್" ಓಡಿಸ್ತದೆ. ಸ್ಕೀಮಾ (ಟೇಬಲ್‌ಗಳ ರಚನೆ) ವರ್ಷನ್ ಹೋಲಿಸಿ ನೋಡ್ತದೆ. ಕೊನೆಗೆ ಹಮಾಲಿ ದರ, ಕಮಿಷನ್, ಪ್ರಿಂಟ್ ಫಾರ್ಮ್ಯಾಟ್ ಅಂತ ಸೆಟ್ಟಿಂಗ್ಸ್ ಓದ್ತದೆ. ಇಷ್ಟು ಆದ ಮೇಲೆ ನಿಜವಾದ ಕೆಲಸ ಶುರು.

ಬೇಸಿಗೆನಾಗ ತೊಂದರೆ ಕಾಣಲ್ಲ. ಅಕ್ಟೋಬರ್ ಬಂತಂದ್ರ ಮೆಕ್ಕೆಜೋಳದ ಆವಕ ಜೋರು. ಟೆಂಡರ್ ರೇಟು ಹೊರಗೆ ಬಿದ್ದ ಕೂಡಲೇ ಎಲ್ಲ ಅಂಗಡಿಯೋರೂ ಒಂದೇ ಟೈಮಿಗೆ ಪಟ್ಟಿ ಮಾಡಾಕೆ ಕೂತ್ಕೊಂತಾರ. ರೈತರು ಕೌಂಟರ್ ಮುಂದೆ ನಿಂತಿರ್ತಾರ, ಪೇಜು ತಿರುಗ್ತಾನೇ ಇರ್ತದೆ. ಈ ಚೆಕ್‌ಗಳನ್ನ ಪೂರ್ತಿ ತೆಗೆಯಾಕೆ ಧೈರ್ಯ ಇಲ್ಲ, ಇಟ್ಕೊಂಡ್ರೆ ನಿಧಾನ. ಮಾಲೀಕರು ಬೇರೆ "ದರ ಬದಲಾಯಿಸಿದ್ರೆ ತಕ್ಷಣ ಬರಬೇಕು" ಅಂತಾರ. ನೀವೆಲ್ಲ ಹೆಂಗ್ ಮಾಡ್ತೀರಿ?

ವಿದ್ಯಾನಗರ_ಫ್ರೆಶರ್

ಅಣ್ಣ, ಎಲ್ಲಾ ರೆಡಿಸ್‌ಗೆ (ಮೆಮೊರಿಯಲ್ಲೇ ಡೇಟಾ ಇಡೋ ಸರ್ವಿಸ್) ಹಾಕಿಬಿಡಿ. ಮಾಸ್ಟರ್ ಕಡೆ ತಲೆ ಹಾಕೋದೇ ಬೇಡ. ಕಾಲೇಜ್ ಪ್ರಾಜೆಕ್ಟ್‌ಗೆ ನಾವು ಹಾಗೇ ಮಾಡಿದ್ದು, ಸಖತ್ ಫಾಸ್ಟ್.

ಹರಿಹರ_ಸರ್ವರ್

ತಮ್ಮಾ, ರೆಡಿಸ್ ಕೂಡ ಇನ್ನೊಂದು ಮಷೀನ್‌ನಲ್ಲಿದ್ರೆ ಅದಕ್ಕೂ ನೆಟ್‌ವರ್ಕ್ ದಾಟಿ ಹೋಗಬೇಕು. ಒಂದು ಪ್ರಯಾಣ ತಪ್ಪಿಸೋಕೆ ಇನ್ನೊಂದು ಪ್ರಯಾಣ ಹಾಕಿದಂಗಾಯ್ತು. ಜೊತೆಗೆ ನೋಡ್ಕೊಳ್ಳೋಕೆ ಇನ್ನೊಂದು ಸರ್ವಿಸ್. ಅದು ಬಿದ್ದ ದಿನ ಏನು ಮಾಡೋದು ಅಂತಾನೂ ಕೋಡ್ ಬರೀಬೇಕು.

ಮಂಡಿಪೇಟೆಯವರೇ, ಮೊದಲು ಅಳತೆ ಮಾಡ್ರಿ. ಪ್ರೈಮರಿ ಕೀ ಮೇಲೆ ಒಂದು ರೋ ಓದೋದು ಮೈಎಸ್‌ಕ್ಯೂಎಲ್‌ಗೆ ಲೆಕ್ಕಕ್ಕೇ ಇಲ್ಲ. ಅಷ್ಟು ಚಿಕ್ಕ ಟೇಬಲ್ ಯಾವಾಗಲೂ ಬಫರ್ ಪೂಲ್‌ನಲ್ಲೇ, ಅಂದ್ರೆ ಅದರ ಮೆಮೊರಿಯಲ್ಲೇ ಇರುತ್ತೆ, ಡಿಸ್ಕ್ ಮುಟ್ಟೋದೇ ಇಲ್ಲ. ದುಬಾರಿ ಆಗೋದು ಕನೆಕ್ಷನ್ ತೆರೆಯೋದು. ಟಿಸಿಪಿ ಹ್ಯಾಂಡ್‌ಶೇಕ್, ಟಿಎಲ್‌ಎಸ್ ಇದ್ರೆ ಅದು, ಆಮೇಲೆ ಲಾಗಿನ್ ಮಾತುಕತೆ. ಪಿಎಚ್‌ಪಿಯಲ್ಲಿ ರಿಕ್ವೆಸ್ಟ್ ಮುಗಿದ ತಕ್ಷಣ ಕನೆಕ್ಷನ್ನೂ ಮುಚ್ಚುತ್ತೆ. ಮುಂದಿನ ರಿಕ್ವೆಸ್ಟ್‌ಗೆ ಮತ್ತೆ ಎಲ್ಲಾ ಮೊದಲಿಂದ. ಮಾಸ್ಟರ್ ಕನೆಕ್ಟ್, ಮಾಸ್ಟರ್ ಸೆಲೆಕ್ಟ್, ಅಂಗಡಿ ಕನೆಕ್ಟ್, ಶೋ ಟೇಬಲ್ಸ್, ಸೆಟ್ಟಿಂಗ್ಸ್, ಈ ಐದರ ಸುತ್ತ ಹೆಚ್‌ಆರ್‌ಟೈಮ್ (ಪಿಎಚ್‌ಪಿಯ ಸಮಯ ಅಳೆಯೋ ಫಂಕ್ಷನ್) ಇಟ್ಟು ಲಾಗ್‌ಗೆ ಬರೀರಿ. ಗಿರಾಕಿ ಕಮ್ಮಿ ಇರೋ ಹೊತ್ತಲ್ಲಿ ಅಲ್ಲ, ಪಟ್ಟಿ ಮಾಡೋ ಹೊತ್ತಲ್ಲೇ.

ಮಂಡಿಪೇಟೆ_ಪಿಎಚ್‌ಪಿ

ಹರಿಹರದೋರು ಹೇಳಿದ್ದು ಖರೆ. ಮಾಸ್ಟರ್ ಸೆಲೆಕ್ಟ್ ಕಣ್ಣಿಗೇ ಕಾಣಲ್ಲ, ಅಷ್ಟು ಸಣ್ಣದು. ಮಾಸ್ಟರ್ ಕನೆಕ್ಟ್ ಅದರ ಎಷ್ಟೋ ಪಟ್ಟು. ಇನ್ನೊಂದು ವಿಚಿತ್ರ ನೋಡ್ರಿ: ಆವಾಗಾವಾಗ ಒಂದೊಂದು ಕನೆಕ್ಟ್ ಸೆಕೆಂಡುಗಟ್ಟಲೆ ಸಿಕ್ಕಿಕೊಂತೈತಿ, ಕೆಲವು ಸಲ ಐದು ಸೆಕೆಂಡು. ಅಂಗಡಿ ಡೇಟಾಬೇಸ್ ಇರೋ ಮಷೀನ್‌ನಾಗೆ ಹಿಂಗಾಗಲ್ಲ.

ಹರಿಹರ_ಸರ್ವರ್

ಐದು ಸೆಕೆಂಡು ಅಂದ ತಕ್ಷಣ ನನಗೆ ಡಿಎನ್‌ಎಸ್ (ಹೆಸರು-ಐಪಿ ಹೊಂದಿಸೋ ವ್ಯವಸ್ಥೆ) ಮೇಲೆ ಅನುಮಾನ. ಲಿನಕ್ಸ್ ರಿಸಾಲ್ವರ್ ಉತ್ತರಕ್ಕೆ ಕಾಯೋ ಡೀಫಾಲ್ಟ್ ಟೈಮೇ ಐದು ಸೆಕೆಂಡು. ಮೈಎಸ್‌ಕ್ಯೂಎಲ್‌ಗೆ ಯಾರಾದ್ರೂ ಹೊರಗಿಂದ ಕನೆಕ್ಟ್ ಆದ್ರೆ, ಆ ಐಪಿ ಯಾವ ಹೆಸರಿಂದು ಅಂತ ಅದು ತಿರುಗಿಸಿ ಕೇಳುತ್ತೆ. ಸಿಕ್ಕ ಉತ್ತರ ಹೋಸ್ಟ್ ಕ್ಯಾಶ್‌ನಲ್ಲಿ (ಕ್ಯಾಶ್ ಅಂದ್ರೆ ಬೇಗ ಸಿಗಲಿ ಅಂತ ಇಟ್ಕೊಳ್ಳೋ ತಾತ್ಕಾಲಿಕ ಪ್ರತಿ) ಇಟ್ಕೊಳ್ಳುತ್ತೆ. ಆದ್ರೆ ಡಿಎನ್‌ಎಸ್ ತಾತ್ಕಾಲಿಕವಾಗಿ ಕೈ ಕೊಟ್ಟಾಗ ಆ ಸೋಲನ್ನ ಇಟ್ಕೊಳ್ಳಲ್ಲ, ಮುಂದಿನ ಸಲ ಮತ್ತೆ ಕೇಳುತ್ತೆ. ಮಾಸ್ಟರ್‌ನಲ್ಲಿ ಸ್ಕಿಪ್-ನೇಮ್-ರಿಸಾಲ್ವ್ (ಹೆಸರು ಕೇಳೋದೇ ಬೇಡ ಅನ್ನೋ ಸೆಟ್ಟಿಂಗ್) ಆನ್ ಮಾಡಿ ರೀಸ್ಟಾರ್ಟ್ ಮಾಡ್ರಿ. ಅದಕ್ಕೂ ಮುಂಚೆ ಯೂಸರ್ ಟೇಬಲ್ ನೋಡ್ರಿ. ಹೋಸ್ಟ್ ಹೆಸರು ಹಾಕಿ ಕೊಟ್ಟಿರೋ ಗ್ರಾಂಟ್‌ಗಳೆಲ್ಲ (ಯೂಸರ್‌ಗೆ ಕೊಟ್ಟ ಅನುಮತಿ) ಆಮೇಲೆ ನಡೆಯಲ್ಲ, ಐಪಿಗೆ ಬದಲಾಯಿಸಬೇಕು.

ಇದು ಕಾನ್ಫಿಗ್ ಚೆಕ್‌ಗೆ ಉತ್ತರ ಅಲ್ಲ, ಆದ್ರೆ ಅರ್ಧ ನೋವು ಇಲ್ಲೇ ಇಳಿಯಬಹುದು.

ಡಿಬಿ_ಅಕ್ಕ

ಊರಿನವರ ಪ್ರಶ್ನೆ ನೋಡಿ ಬಂದೆ (ಪಿ.ಜೆ. ಬಡಾವಣೆಯವಳು, ಈಗ ಬೆಂಗಳೂರಿನಲ್ಲಿ ಡೇಟಾಬೇಸ್ ಕಾಯೋ ಕೆಲಸ). ಕನೆಕ್ಷನ್ ವಿಷಯ ಹರಿಹರದವರು ಹೇಳಿದ್ದು ಸರಿ. ಆದರೆ ನನ್ನ ತಕರಾರು ಬೇರೆ. ನಿಮ್ಮ ಕೋಡು ಮಾಡುತ್ತಿರೋದು, ಒಂದೊಂದು ಚೀಲ ಇಳಿಸುವಾಗಲೂ ಹಮಾಲಿ ಮಾಲೀಕರ ಮನೆವರೆಗೆ ನಡೆದು ಹೋಗಿ "ಗೋದಾಮು ಇದೇ ತಾನೇ?" ಅಂತ ಕೇಳಿಕೊಂಡು ಬಂದಂಗೆ. ಗೋದಾಮಿಗೆ ಬೀಗ ಹಾಕಿದ್ದರೆ ಹೋದ ತಕ್ಷಣ ಗೊತ್ತಾಗುತ್ತೆ. ಆವಾಗ ಕೇಳಿದರೆ ಸಾಕು.

ಚೆಕ್‌ಗಳನ್ನೆಲ್ಲ ಒಂದೇ ಗಂಟು ಕಟ್ಟಬೇಡಿ. ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಹಳೇದಾಗಿದ್ದರೆ ತಪ್ಪು ಕೂಗಿ ಹೇಳುತ್ತಾ, ಇಲ್ಲ ಸದ್ದಿಲ್ಲದೆ ನಡೆದುಹೋಗುತ್ತಾ?

ಪಾಸ್‌ವರ್ಡ್ ಬದಲಾಗಿದೆ, ನಿಮ್ಮ ಹತ್ತಿರ ಹಳೇದಿದೆ ಅಂದುಕೊಳ್ಳಿ. ಮೈಎಸ್‌ಕ್ಯೂಎಲ್ 1045 ಅಂತ ಮುಖದ ಮೇಲೆ ಹೊಡೆಯುತ್ತೆ. ಡೇಟಾಬೇಸ್ ಹೆಸರು ಬದಲಾದರೆ 1049. ಟೇಬಲ್ ಇಲ್ಲದಿದ್ದರೆ 1146, ಕಾಲಂ ಇಲ್ಲದಿದ್ದರೆ 1054. ಸರ್ವರ್ರೇ ಸಿಗದಿದ್ದರೆ 2002. ಇವೆಲ್ಲ ಕೂಗುವ ತಪ್ಪುಗಳು. ಇವನ್ನು ಮುಂಚಿತವಾಗಿ ಪರೀಕ್ಷೆ ಮಾಡೋದರಲ್ಲಿ ಅರ್ಥ ಇಲ್ಲ. ಯಾಕಂದರೆ ನೀವು ನೋಡಿದ ಕ್ಷಣಕ್ಕೂ ಬಳಸೋ ಕ್ಷಣಕ್ಕೂ ನಡುವೆ ಬದಲಾಗಬಹುದು. ಅಂದರೆ ಚೆಕ್ ಮಾಡಿದರೂ ಆ ಎರರ್ ಹಿಡಿಯೋ ಕೋಡು ಬರೆಯಲೇಬೇಕು. ಅದನ್ನು ಬರೆದ ಮೇಲೆ ಚೆಕ್ ಯಾಕೆ ಬೇಕು?

ಹಾಗಾಗಿ ಕನೆಕ್ಷನ್ ವಿವರ ಎಲ್ಲವನ್ನೂ ವೆಬ್ ಸರ್ವರ್ ಒಳಗೇ ಕ್ಯಾಶ್ ಮಾಡಿ. ಅದನ್ನೇ ನಂಬಿ ಕನೆಕ್ಟ್ ಮಾಡಿ. 1045, 1049, 2002 ಬಂದರೆ ಮಾತ್ರ ಮಾಸ್ಟರ್‌ಗೆ ಹೋಗಿ ಹೊಸದಾಗಿ ಓದಿ, ಒಂದೇ ಒಂದು ಸಲ ಮರುಪ್ರಯತ್ನ ಮಾಡಿ. 1040 ಬಂದರೆ, ಅದೇ "ಟೂ ಮೆನಿ ಕನೆಕ್ಷನ್ಸ್", ಮಾಸ್ಟರ್ ಕಡೆ ಹೋಗಬೇಡಿ. ಅಲ್ಲಿ ವಿವರ ತಪ್ಪಿಲ್ಲ, ಜನ ಜಾಸ್ತಿ ಅಷ್ಟೆ. ಇದರಿಂದ ಇನ್ನೊಂದು ಲಾಭ: ಮಾಸ್ಟರ್ ಬಿದ್ದರೂ ಅಂಗಡಿಗಳು ಓಡುತ್ತಿರುತ್ತವೆ. ಈಗ ನಿಮ್ಮಲ್ಲಿ ಆ ಒಂದು ಮಷೀನ್ ನಿಂತರೆ ಇಡೀ ಯಾರ್ಡ್ ನಿಲ್ಲುತ್ತೆ, ಅಲ್ವಾ?

ಹಮಾಲಿ ದರದ ಕತೆ ಬೇರೆ. ಹಳೇ ದರ ಹಿಡಿದುಕೊಂಡು ಪಟ್ಟಿ ಮಾಡಿದರೆ ಯಾವ ಎರರ್ರೂ ಬರಲ್ಲ. ಪ್ರಿಂಟ್ ಚೆನ್ನಾಗೇ ಬರುತ್ತೆ. ರೈತ ಮನೆಗೆ ಹೋಗಿ ಲೆಕ್ಕ ಹಾಕಿದಾಗ ಗೊತ್ತಾಗುತ್ತೆ, ಇಲ್ಲಾಂದ್ರೆ ಗೊತ್ತೇ ಆಗಲ್ಲ. ಇಂಥದ್ದಕ್ಕೆ ಮಾತ್ರ ನಿಮ್ಮ ಜಾಗ್ರತೆ ಇಟ್ಟುಕೊಳ್ಳಿ.

ಮಂಡಿಪೇಟೆ_ಪಿಎಚ್‌ಪಿ

ಅಕ್ಕಾ, ಹೌದು. ಮಾಸ್ಟರ್ ನಿಂತ್ರೆ ಎಲ್ಲಾ ನಿಂತಂಗೆ. ಆ ದಿಕ್ಕಿನಿಂದ ನೋಡೇ ಇರಲಿಲ್ಲ.

ದುರ್ಗದ_ಜಾಂಗೋ

ಅಕ್ಕ ಹೇಳಿದ್ದು ಒಪ್ಪಿದೆ, ಆದ್ರೆ "ಕ್ಯಾಶ್ ಮಾಡಿ" ಅನ್ನೋದು ಅಷ್ಟು ಸಲೀಸಲ್ಲ ಕಣ್ರೀ. ನಮ್ಮದು ಚಳ್ಳಕೆರೆ ಕಡೆ ಶೇಂಗಾ ಎಣ್ಣೆ ಮಿಲ್‌ಗಳ ಸ್ಟಾಕ್ ಲೆಕ್ಕ. ಪೈಥಾನ್‌ನ ಜಾಂಗೋ, ಅದನ್ನ ಓಡಿಸೋ ಗುನಿಕಾರ್ನ್ ಸರ್ವರ್, ಪೋಸ್ಟ್‌ಗ್ರೆಸ್ ಡೇಟಾಬೇಸ್. ನಮ್ಮ ಟೀಮ್‌ನ ಒಬ್ಬ ಹುಡುಗ ಸೆಟ್ಟಿಂಗ್ಸ್‌ನ ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿಟ್ಟ. ಮಾಲೀಕರು ದರ ಬದಲಾಯಿಸಿದ್ರೆ ಪೇಜ್ ಒಂದ್ಸಲ ಹೊಸದು ತೋರ್ಸುತ್ತೆ, ರಿಫ್ರೆಶ್ ಮಾಡಿದ್ರೆ ಹಳೇದು, ಮತ್ತೆ ಮಾಡಿದ್ರೆ ಹೊಸದು. ಯಾಕೆಂದ್ರೆ ಗುನಿಕಾರ್ನ್ ವರ್ಕರ್ ಒಂದೊಂದೂ ಬೇರೆ ಪ್ರೋಸೆಸ್. ಗ್ಲೋಬಲ್ ಅಂದ್ರೆ ಆ ಪ್ರೋಸೆಸ್‌ಗೆ ಮಾತ್ರ ಗ್ಲೋಬಲ್. ಮಿಲ್ ಮ್ಯಾನೇಜರ್ರು "ನಿಮ್ ಸಾಫ್ಟ್‌ವೇರ್‌ಗೆ ಗಾಳಿ ಹಿಡಿದೈತೆ" ಅಂದ್ರು.

ಆಮೇಲೆ ನಾವು ಮಾಡಿದ್ದು ವರ್ಷನ್ ನಂಬರ್. ಸೆಟ್ಟಿಂಗ್ಸ್ ಎಷ್ಟೇ ಇರ್ಲಿ, ಪಕ್ಕದಲ್ಲಿ ಒಂದೇ ರೋ, ಒಂದೇ ಪೂರ್ಣಾಂಕ. ಯಾರು ಏನೇ ಬದಲಾಯಿಸಿದ್ರೂ ಅದೇ ಟ್ರಾನ್ಸಾಕ್ಷನ್‌ನಲ್ಲಿ (ಆದ್ರೆ ಎಲ್ಲ ಒಟ್ಟಿಗೆ ಆಗೋ, ಇಲ್ಲಾಂದ್ರೆ ಯಾವುದೂ ಆಗದ ಕೆಲಸಗಳ ಗುಂಪು) ಆ ನಂಬರ್‌ಗೆ ಒಂದು ಕೂಡುತ್ತೆ. ರಿಕ್ವೆಸ್ಟ್ ಬಂದಾಗ ನಂಬರ್ ಮಾತ್ರ ಓದ್ತೀವಿ. ನಮ್ಮ ಮೆಮೊರಿಯಲ್ಲಿರೋ ನಂಬರೂ ಅದೇ ಆಗಿದ್ರೆ ಮುಂದೆ ಹೋಗು, ಇಲ್ಲಾಂದ್ರೆ ಪೂರ್ತಿ ಓದ್ಕೋ. ಹಳೇದು ತೋರ್ಸೋ ಪ್ರಶ್ನೆನೇ ಇಲ್ಲ. ಖರ್ಚು ಒಂದು ಪುಟ್ಟ ಸೆಲೆಕ್ಟ್.

ವಿದ್ಯಾನಗರ_ಫ್ರೆಶರ್

ದುರ್ಗದ ಅಣ್ಣ, ಪೋಸ್ಟ್‌ಗ್ರೆಸ್‌ನಲ್ಲಿ ಲಿಸನ್-ನೋಟಿಫೈ ಇದೆಯಲ್ಲ? ಆ ಪುಟ್ಟ ಸೆಲೆಕ್ಟೂ ಬೇಡ, ಬದಲಾದಾಗ ಅದೇ ಕೂಗುತ್ತೆ.

ದುರ್ಗದ_ಜಾಂಗೋ

ಇದೆ ಮರಿ, ಚೆನ್ನಾಗೂ ಐತೆ. ಆದ್ರೆ ನಾವು ಪಿಜಿಬೌನ್ಸರ್ (ಕನೆಕ್ಷನ್‌ಗಳನ್ನ ಹಂಚೋ ಸಾಫ್ಟ್‌ವೇರ್) ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಓಡಿಸ್ತೀವಿ. ಅಲ್ಲಿ ಟ್ರಾನ್ಸಾಕ್ಷನ್ ಮುಗಿದ ತಕ್ಷಣ ಕನೆಕ್ಷನ್ ಬೇರೆಯವರ ಪಾಲು, ಲಿಸನ್ ನಡೆಯಲ್ಲ. ಅದಕ್ಕಂತ ಪ್ರತಿ ವರ್ಕರ್‌ಗೂ ಒಂದು ನೇರ ಕನೆಕ್ಷನ್ ತೆರೆದಿಡಬೇಕು. ಇನ್ನೊಂದು, ಕನೆಕ್ಷನ್ ಕಡಿದು ಮತ್ತೆ ಸೇರೋ ನಡುವೆ ಬಂದ ನೋಟಿಫೈ ಹೋಯ್ತು, ಮತ್ತೆ ಬರಲ್ಲ. ರೆಡಿಸ್ ಪಬ್‌-ಸಬ್‌ಗೂ ಇದೇ ರೋಗ. ಕೊನೆಗೆ "ತಪ್ಪಿಹೋದ್ರೆ ಇರ್ಲಿ" ಅಂತ ವರ್ಷನ್ ಚೆಕ್ಕೂ ಹಾಕೋ ಹಂಗಾಗುತ್ತೆ. ಅದನ್ನ ಹಾಕೋದೇ ಆದ್ರೆ ಅದೊಂದೇ ಸಾಕಲ್ಲ?

ಡಿಬಿ_ಅಕ್ಕ

ದುರ್ಗದವರ ವರ್ಷನ್ ನಂಬರ್ ಒಳ್ಳೆ ಉಪಾಯ. ಆದರೆ ಮಂಡಿಪೇಟೆಯವರು ಅದನ್ನ ಹಾಗೇ ಎತ್ತಿ ಮಾಸ್ಟರ್‌ನಲ್ಲಿಟ್ಟರೆ ಕೆಲಸ ಕೆಡುತ್ತೆ. ಆ ಒಂದು ಪೂರ್ಣಾಂಕಕ್ಕಾಗಿ ಮತ್ತೆ ಮಾಸ್ಟರ್‌ಗೆ ಕನೆಕ್ಟ್ ಆಗಬೇಕಲ್ಲ. ನೋವು ಇರೋದು ಸೆಲೆಕ್ಟ್‌ನಲ್ಲಿ ಅಲ್ಲ, ಕನೆಕ್ಟ್‌ನಲ್ಲಿ ಅಂತ ಈಗ ತಾನೇ ಅಳೆದು ನೋಡಿದ್ದಾರೆ. ದುರ್ಗದವರಿಗೆ ಅಗ್ಗವಾಗಿ ಬೀಳುತ್ತಿರೋದು ಅವರ ಕನೆಕ್ಷನ್ ಆಗಲೇ ತೆರೆದಿರೋದರಿಂದ.

ಅಂಗಡಿಯ ಸೆಟ್ಟಿಂಗ್ಸ್ ಅಂಗಡಿಯ ಡೇಟಾಬೇಸ್‌ನಲ್ಲೇ ಇದೆ. ಅದಕ್ಕೆ ಕನೆಕ್ಷನ್ ಹೇಗೂ ತೆರೆಯುತ್ತೀರಿ. ನಂಬರನ್ನೂ ಅಲ್ಲೇ ಇಡಿ. ಮಾಸ್ಟರ್ ಪಾಡಿಗೆ ಮಾಸ್ಟರ್ ಇರಲಿ.

ಮಂಡಿಪೇಟೆ_ಪಿಎಚ್‌ಪಿ

ಸರಿ ಅಕ್ಕ. ಈಗ ಪಿಎಚ್‌ಪಿನಾಗೆ ಎಲ್ಲಿ ಇಡೋದು? ನಮಗೆ ಗ್ಲೋಬಲ್ ಅನ್ನೋದೇ ರಿಕ್ವೆಸ್ಟ್ ಜತೆಗೇ ಸಾಯ್ತದೆ. ಎಪಿಸಿಯು (ಪಿಎಚ್‌ಪಿಯ ಶೇರ್ಡ್ ಮೆಮೊರಿ ಕ್ಯಾಶ್) ಅಂತಾರ, ಫೈಲ್‌ನಾಗ ಬರೀರಿ ಅಂತಾರ. ಯಾವುದು ವಾಸಿ?

ಹರಿಹರ_ಸರ್ವರ್

ಎರಡೂ ನಡೆಯುತ್ತೆ, ಎರಡಕ್ಕೂ ಗುಂಡಿ ಇದೆ.

ಫೈಲ್ ದಾರಿ: ಅಂಗಡಿಗೊಂದು ಪಿಎಚ್‌ಪಿ ಫೈಲ್, ಒಳಗೆ ಬರೀ ಅರೇ ರಿಟರ್ನ್ ಮಾಡೋದು. ಪಿಎಚ್‌ಪಿಯ ಒಪಿಕ್ಯಾಶ್ ಅದನ್ನ ಕಂಪೈಲ್ ಮಾಡಿದ ರೂಪದಲ್ಲಿ ಶೇರ್ಡ್ ಮೆಮೊರಿಯಲ್ಲೇ ಇಟ್ಟಿರುತ್ತೆ. ಓದೋ ಖರ್ಚು ಇಲ್ಲ ಅಂದ್ರೂ ನಡೆಯುತ್ತೆ. ಲಾರಾವೆಲ್ ಫ್ರೇಮ್‌ವರ್ಕ್‌ನ "ಕಾನ್ಫಿಗ್ ಕ್ಯಾಶ್" ಮಾಡೋದೂ ಇದನ್ನೇ, ಎಲ್ಲ ಕಾನ್ಫಿಗ್ ಸೇರಿಸಿ ಒಂದು ಪಿಎಚ್‌ಪಿ ಫೈಲ್. ಬರೆಯುವಾಗ ನೇರ ಆ ಫೈಲ್ ಮೇಲೇ ಬರೀಬೇಡ್ರಿ. ಅರ್ಧ ಬರೆದಾಗ ಇನ್ನೊಬ್ಬ ಓದಿದ್ರೆ ಸಿಂಟ್ಯಾಕ್ಸ್ ಎರರ್. ಪಕ್ಕದಲ್ಲಿ ಟೆಂಪ್ ಫೈಲ್ ಬರೆದು ರೀನೇಮ್ ಮಾಡ್ರಿ. ಅದೇ ಫೈಲ್‌ಸಿಸ್ಟಂ ಒಳಗೆ ರೀನೇಮ್ ಅಂದ್ರೆ ಒಂದೇ ಏಟಿಗೆ ಬದಲಾಗುತ್ತೆ. ಡೀಫಾಲ್ಟ್‌ನಲ್ಲಿ ಒಪಿಕ್ಯಾಶ್ ಫೈಲ್‌ನ ಟೈಮ್‌ಸ್ಟಾಂಪ್ ಎರಡು ಸೆಕೆಂಡಿಗೊಮ್ಮೆ ನೋಡುತ್ತೆ. ಪ್ರೊಡಕ್ಷನ್‌ನಲ್ಲಿ ಸ್ಪೀಡ್‌ಗಂತ ಯಾರಾದ್ರೂ ವ್ಯಾಲಿಡೇಟ್ ಟೈಮ್‌ಸ್ಟಾಂಪ್ಸ್ ಆಫ್ ಮಾಡಿದ್ರೆ, ನೀವು ಇನ್‌ವ್ಯಾಲಿಡೇಟ್ ಮಾಡೋವರೆಗೂ ಹಳೇ ಅರೇನೇ ಗತಿ.

ಎಪಿಸಿಯು ದಾರಿ: ಫೈಲ್ ಗೋಳಿಲ್ಲ, ಕೀ ಇಟ್ಟು ವ್ಯಾಲ್ಯೂ ತಗೊಳ್ಳೋದು, ಎಲ್ಲ ಎಫ್‌ಪಿಎಂ ವರ್ಕರ್‌ಗಳಿಗೂ ಒಂದೇ. ಎಫ್‌ಪಿಎಂ ರೀಸ್ಟಾರ್ಟ್ ಆದ್ರೆ ಖಾಲಿ, ಅದೇನೂ ದೊಡ್ಡ ವಿಷಯ ಅಲ್ಲ.

ಈಗ ಗುಂಡಿ. ಪಾಸ್‌ವರ್ಡ್ ಬದಲಾಯಿಸೋ ಸ್ಕ್ರಿಪ್ಟ್‌ನ ಕ್ರಾನ್‌ನಲ್ಲೋ ಟರ್ಮಿನಲ್‌ನಲ್ಲೋ ಓಡಿಸಿ, ಅಲ್ಲಿಂದ ಎಪಿಸಿಯು ಡಿಲೀಟ್ ಅಥವಾ ಒಪಿಕ್ಯಾಶ್ ಇನ್‌ವ್ಯಾಲಿಡೇಟ್ ಕರೆದ್ರೆ ಏನೂ ಆಗಲ್ಲ. ಕಮಾಂಡ್ ಲೈನ್ ಪಿಎಚ್‌ಪಿಯ ಮೆಮೊರಿ ಬೇರೆ, ಎಫ್‌ಪಿಎಂದು ಬೇರೆ. ಸ್ಕ್ರಿಪ್ಟ್ ಖುಷಿಯಾಗಿ ಮುಗಿಯುತ್ತೆ, ವೆಬ್‌ನಲ್ಲಿ ಹಳೇದೇ ಇರುತ್ತೆ. ಕ್ಯಾಶ್ ಒರೆಸೋಕೆ ಒಳಗಿನ ಒಂದು ಯುಆರ್‌ಎಲ್ ಇಡ್ರಿ, ಹೊರಗಿನವರಿಗೆ ಮುಚ್ಚಿ. ಎರಡು ವೆಬ್ ಸರ್ವರ್ ಇದೆ ಅಂದ್ರಲ್ಲ, ಎರಡಕ್ಕೂ ಆ ಕರೆ ಹೋಗಬೇಕು. ಒಂದಕ್ಕೆ ತಲುಪದಿದ್ರೂ ಅಕ್ಕ ಹೇಳಿದ 1045 ದಾರಿ ಕಾಪಾಡುತ್ತೆ.

ಶೇರ್ಡ್ ಹೋಸ್ಟಿಂಗ್ ಆದ್ರೆ ಎಪಿಸಿಯುನಲ್ಲಿ ಪಾಸ್‌ವರ್ಡ್ ಇಡಲೇಬೇಡ್ರಿ. ಒಂದೇ ಎಫ್‌ಪಿಎಂ ಮಾಸ್ಟರ್ ಅಡಿ ಇರೋ ಪೂಲ್‌ಗಳೆಲ್ಲ ಅದೇ ಮೆಮೊರಿ ಹಂಚ್ಕೊಳ್ತಾವೆ. ಪಕ್ಕದ ಸೈಟಿನವನು ಓದಬಹುದು.

ವಿದ್ಯಾನಗರ_ಫ್ರೆಶರ್

ಒಂದು ಡೌಟು. ಕ್ಯಾಶ್‌ಗೆ ಐದು ನಿಮಿಷ ಅಂತ ಆಯಸ್ಸು ಕೊಟ್ಟರೆ, ಐದನೇ ನಿಮಿಷಕ್ಕೆ ಎಲ್ಲಾ ವರ್ಕರ್‌ಗಳೂ ಒಟ್ಟಿಗೆ ಮಾಸ್ಟರ್ ಮೇಲೆ ಬೀಳಲ್ವಾ? ಎಪಿಸಿಯು ಎಂಟ್ರಿ ಅಂತ ಒಂದು ಫಂಕ್ಷನ್ ಇದೆ, ಒಬ್ಬನೇ ಹೋಗಿ ತರ್ತಾನೆ ಅಂತ ಓದಿದೆ.

ಡಿಬಿ_ಅಕ್ಕ

ಒಳ್ಳೆ ಪ್ರಶ್ನೆ ಪುಟ್ಟಾ. ಎಪಿಸಿಯು ಎಂಟ್ರಿ ಒಬ್ಬನನ್ನೇ ಕಳಿಸುತ್ತೆ ನಿಜ, ಆದರೆ ಅವನು ವಾಪಸ್ ಬರೋವರೆಗೆ ಕ್ಯಾಶ್‌ನ ಬೀಗವೇ ಅವನ ಕೈಲಿರುತ್ತೆ. ಆ ಒಂದು ಕೀಗೆ ಮಾತ್ರ ಅಲ್ಲ, ಪೂರ್ತಿ ಕ್ಯಾಶ್‌ಗೆ. ಅವನು ಮಾಸ್ಟರ್ ಕನೆಕ್ಟ್‌ನಲ್ಲಿ ಐದು ಸೆಕೆಂಡ್ ಸಿಕ್ಕಿಕೊಂಡ ಅಂದರೆ ಬೇರೆ ಅಂಗಡಿಯ ರಿಕ್ವೆಸ್ಟ್‌ಗಳೂ ಅಷ್ಟು ಹೊತ್ತು ಕಾಯುತ್ತವೆ. ನೆಟ್‌ವರ್ಕ್ ಕೆಲಸವನ್ನು ಅದರೊಳಗೆ ಹಾಕಬಾರದು.

ಬದಲಿಗೆ ಹಳೇ ವಿವರವನ್ನು ಅಳಿಸದೇ ಇಟ್ಟುಕೊಂಡು, "ಇಷ್ಟು ಹೊತ್ತಿನ ಮೇಲೆ ಹೊಸದು ತರಬೇಕು" ಅನ್ನೋ ಸಮಯವನ್ನು ಅದರೊಳಗೇ ಬರೆದಿಡಿ. ಸಮಯ ಮೀರಿದಾಗ ಎಪಿಸಿಯು ಆಡ್‌ನಿಂದ ಒಂದು ಚಿಕ್ಕ ಬೀಗದ ಕೀ ಹಾಕಲು ನೋಡಿ. ಅದು ಒಬ್ಬನಿಗೆ ಮಾತ್ರ ಸಿಗುತ್ತೆ. ಸಿಕ್ಕವನು ಹೋಗಿ ತರಲಿ, ಮಿಕ್ಕವರು ಹಳೇದರಲ್ಲೇ ಮುಂದುವರಿಯಲಿ. ಆ ಬೀಗಕ್ಕೂ ಹತ್ತು ಸೆಕೆಂಡಿನ ಆಯಸ್ಸು ಕೊಡಿ, ತರಲು ಹೋದವನು ಮಧ್ಯೆ ಸತ್ತರೆ ಬೀಗ ಹಾಗೇ ಉಳಿಯಬಾರದು. ಅಂಗಡಿಯಿಂದ ಅಂಗಡಿಗೆ ಸಮಯವನ್ನು ಸ್ವಲ್ಪ ಆಚೀಚೆ ಮಾಡಿದರೆ ಎಲ್ಲವೂ ಒಂದೇ ಕ್ಷಣಕ್ಕೆ ಮುಗಿಯೋದೂ ತಪ್ಪುತ್ತೆ.

2002 ಬಂದಾಗಲೂ ಇದೇ ಬೀಗ ಬಳಸಿ. ಅಂಗಡಿ ಡೇಟಾಬೇಸ್ ನಿಜವಾಗಲೂ ಬಿದ್ದಿದ್ದರೆ ಎಲ್ಲಾ ವರ್ಕರ್‌ಗಳೂ "ವಿವರ ಹಳೇದಿರಬಹುದು" ಅಂತ ಮಾಸ್ಟರ್ ಕಡೆ ಓಡುತ್ತವೆ, ಅದನ್ನೂ ಬೀಳಿಸುತ್ತವೆ. ಈಗ ತಾನೇ ಯಾರೋ ಹೋಗಿ ಅದೇ ವಿವರ ತಂದಿದ್ದಾರೆ ಅಂದಮೇಲೆ ಸುಮ್ಮನೆ ಎರರ್ ಪೇಜ್ ತೋರಿಸಿ.

ಮರೆತಿದ್ದೆ: ಇಲ್ಲದ ಸಬ್‌ಡೊಮೇನ್‌ಗಳನ್ನು ಬಾಟ್‌ಗಳು ತಟ್ಟುತ್ತಾ ಇರುತ್ತವೆ. "ಇಂಥ ಅಂಗಡಿ ಇಲ್ಲ" ಅನ್ನೋ ಉತ್ತರವನ್ನೂ ಒಂದು ನಿಮಿಷ ನೆನಪಿಟ್ಟುಕೊಳ್ಳಿ.

ದುರ್ಗದ_ಜಾಂಗೋ

ಈಗ ಹಮಾಲಿ ದರಕ್ಕೆ ಬರೋಣ. ಅಲ್ಲೇ ಅಸಲಿ ಜಗಳ ಇರೋದು. ವರ್ಷನ್ ನಂಬರ್ ಇಟ್ರೆ ಮುಗೀತಲ್ಲ?

ಡಿಬಿ_ಅಕ್ಕ

ಮುಗಿಯಲ್ಲ. ನನ್ನ ಪ್ರಕಾರ ದರ ಅನ್ನೋದು ಸೆಟ್ಟಿಂಗೇ ಅಲ್ಲ. ಪ್ರಿಂಟ್ ಫಾರ್ಮ್ಯಾಟ್ ಸೆಟ್ಟಿಂಗ್, ಲೋಗೋ ಸೆಟ್ಟಿಂಗ್. ದರ ಅನ್ನೋದು ದುಡ್ಡಿನ ಲೆಕ್ಕ, ಅದಕ್ಕೆ ತಾರೀಖು ಇರಬೇಕು. ಒಂದೇ ರೋನಲ್ಲಿ ದರ ಇಟ್ಟು ಅದರ ಮೇಲೇ ತಿದ್ದಿದರೆ, ಹೋದ ತಿಂಗಳ ಪಟ್ಟಿ ಮತ್ತೆ ಪ್ರಿಂಟ್ ತೆಗೆದಾಗ ಹೊಸ ದರದಲ್ಲಿ ಬರುತ್ತೆ. ಆಡಿಟ್‌ಗೆ ಕೂತಾಗ ಮೊತ್ತ ಕೂಡಲ್ಲ. ದರದ ಟೇಬಲ್‌ನಲ್ಲಿ "ಯಾವಾಗಿನಿಂದ ಜಾರಿ" ಅನ್ನೋ ಕಾಲಂ ಇರಲಿ. ಪಟ್ಟಿ ಸೇವ್ ಆಗುವಾಗ ಹಾಕಿದ ದರ ಆ ಪಟ್ಟಿಯ ರೋ ಒಳಗೇ ಬರೆದುಹೋಗಲಿ.

ದುರ್ಗದ_ಜಾಂಗೋ

ಪುಸ್ತಕದ ಪ್ರಕಾರ ಸರಿ ಅಕ್ಕ. ಆದ್ರೆ ಮಂಡಿ ನೋಡಿದೀರಲ್ಲ? ಮಧ್ಯಾಹ್ನ ಹಮಾಲರು ಕೂಲಿ ಮಾತಾಡ್ತಾರೆ, ಮಾಲೀಕ ಅಲ್ಲೇ ಫೋನ್‌ನಲ್ಲಿ ದರ ಬದಲಾಯಿಸ್ತಾನೆ, ಪಕ್ಕದ ಕೌಂಟರ್‌ನಲ್ಲಿ ಗುಮಾಸ್ತ ಆಗಲೇ ಪಟ್ಟಿ ಸ್ಕ್ರೀನ್ ತೆರೆದು ಕೂತಿರ್ತಾನೆ. ಆ ಸ್ಕ್ರೀನ್‌ಗೆ ಹಳೇ ದರ ಬಂದಾಗಿದೆ. ತಾರೀಖು ಕಾಲಂ ಇಟ್ರೆ ಆ ಗುಮಾಸ್ತನ ಸ್ಕ್ರೀನ್ ತಾನಾಗೇ ತಿದ್ದಿಕೊಳ್ಳುತ್ತಾ?

ಡಿಬಿ_ಅಕ್ಕ

ಇಲ್ಲ, ತಿದ್ದಿಕೊಳ್ಳಲ್ಲ. ಪಾಯಿಂಟ್ ಸರಿಯಾಗಿ ಹಿಡಿದಿರಿ. ಪೇಜ್ ತೆರೆದಾಗ ಎಷ್ಟೇ ತಾಜಾ ದರ ಓದಿದರೂ ಅದು ಗುಮಾಸ್ತ ಚಹಾ ಕುಡಿದು ಬರೋ ಅಷ್ಟರಲ್ಲಿ ಹಳೇದಾಗುತ್ತೆ. ಅಂದರೆ ಪ್ರತಿ ರಿಕ್ವೆಸ್ಟ್‌ಗೂ ಚೆಕ್ ಮಾಡಿದರೂ ನಿಮ್ಮ ಮಾಲೀಕರು ಕೇಳೋ "ತಕ್ಷಣ" ಸಿಗಲ್ಲ.

ಸಿಗೋದು ಎಲ್ಲಿ ಅಂದರೆ ಸೇವ್ ಮಾಡೋ ಜಾಗದಲ್ಲಿ. ಸೇವ್ ಬಂದಾಗ, ಪಟ್ಟಿ ಬರೆಯೋ ಅದೇ ಟ್ರಾನ್ಸಾಕ್ಷನ್‌ನಲ್ಲಿ ದರವನ್ನು ಡೇಟಾಬೇಸ್‌ನಿಂದ ಓದಿ, ಸ್ಕ್ರೀನ್‌ನಿಂದ ಬಂದ ದರದ ಜೊತೆ ಹೋಲಿಸಿ. ಬೇರೆ ಇದ್ದರೆ "ದರ ಬದಲಾಗಿದೆ, ನೋಡಿ ಮತ್ತೆ ಒತ್ತಿ" ಅಂತ ವಾಪಸ್ ಕಳಿಸಿ. ಓದುವಾಗ "ಫಾರ್ ಶೇರ್" ಹಾಕಿ, ಇಲ್ಲದಿದ್ದರೆ ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್) ಟ್ರಾನ್ಸಾಕ್ಷನ್‌ನ ಮೊದಲ ಓದಿನ ಹೊತ್ತಿನ ಚಿತ್ರವನ್ನೇ ತೋರಿಸಬಹುದು. ಇದು ಪಟ್ಟಿ ಸೇವ್‌ಗೆ ಮಾತ್ರ. ರಿಪೋರ್ಟ್, ಹುಡುಕಾಟ, ಲಾಟ್ ಲಿಸ್ಟ್ ಇವಕ್ಕೆಲ್ಲ ದರ ಬೇಕಾಗೇ ಇಲ್ಲ. ನಿಮ್ಮ ರಿಕ್ವೆಸ್ಟ್‌ಗಳಲ್ಲಿ ಹೆಚ್ಚಿನವು ಅವೇ ಆಗಿರುತ್ತವೆ.

ದುರ್ಗದ_ಜಾಂಗೋ

ಹಂಗಾದ್ರೆ ಒಪ್ಪಿದೆ. ಆ "ಮತ್ತೆ ಒತ್ತಿ" ಮೆಸೇಜಿಗೆ ಗುಮಾಸ್ತರಿಂದ ಬೈಗುಳ ತಿನ್ನೋಕೆ ರೆಡಿ ಇರ್ರಿ ಅಷ್ಟೆ, ಮಂಡಿಪೇಟೆಯವ್ರೇ.

ಮಂಡಿಪೇಟೆ_ಪಿಎಚ್‌ಪಿ

ಬೈಸ್ಕೊಳ್ಳಾದು ಅಭ್ಯಾಸ ಐತಿ ಬಿಡ್ರಿ. ತಪ್ಪು ಪಟ್ಟಿ ಕೊಟ್ಟು ರೈತರತ್ರ ಬೈಸ್ಕೊಳ್ಳಾದಕ್ಕಿಂತ ಇದೇ ವಾಸಿ.

ಶೋ ಟೇಬಲ್ಸ್ ಮತ್ತು ಸ್ಕೀಮಾ ವರ್ಷನ್ ಚೆಕ್ ತೆಗೀಬಹುದಾ? ಹೊಸ ಕೋಡ್ ಹಾಕಿದಾಗ ಒಂದೆರಡು ಅಂಗಡಿ ಡೇಟಾಬೇಸ್‌ಗೆ ಮೈಗ್ರೇಷನ್ (ಟೇಬಲ್ ರಚನೆ ಬದಲಾಯಿಸೋ ಸ್ಕ್ರಿಪ್ಟ್) ಓಡದೇ ಉಳಿದ್ರೆ ಅಂತ ಹಿಂದಿನೋರು ಹಾಕಿದ್ದು.

ಹರಿಹರ_ಸರ್ವರ್

ತೆಗೀರಿ. ಮೈಗ್ರೇಷನ್ ಆಗಿದೆಯಾ ಅನ್ನೋದು ಡಿಪ್ಲಾಯ್ ಹೊತ್ತಿನ ಪ್ರಶ್ನೆ. ಕೋಡ್ ಹಾಕೋ ಸ್ಕ್ರಿಪ್ಟ್ ಎಲ್ಲ ಅಂಗಡಿ ಸುತ್ತಿ ನೋಡಲಿ, ಒಂದು ಉಳಿದಿದ್ರೂ ಅಲ್ಲೇ ನಿಲ್ಲಲಿ. ರೂಬಿಯ ರೈಲ್ಸ್ ಫ್ರೇಮ್‌ವರ್ಕ್‌ನಲ್ಲೂ ಪೇಜ್ ಲೋಡ್‌ಗೆ ಬಾಕಿ ಮೈಗ್ರೇಷನ್ ನೋಡೋ ವ್ಯವಸ್ಥೆ ಇದೆ, ಡೆವಲಪ್‌ಮೆಂಟ್‌ಗೆ ಮಾತ್ರ. ಪ್ರೊಡಕ್ಷನ್‌ನಲ್ಲಿ ಯಾರೂ ಇಟ್ಕೊಳ್ಳಲ್ಲ.

ದುರ್ಗದ_ಜಾಂಗೋ

ಕನೆಕ್ಷನ್ ಜೀವಂತ ಐತಾ ಅಂತ ನೋಡೋದು ಬೇರೆ ವಿಷಯ ಅನ್ನೋದನ್ನೂ ಸೇರಿಸ್ತೀನಿ. ಜಾಂಗೋದಲ್ಲಿ ಕನೆಕ್ಷನ್ ಉಳಿಸಿಕೊಂಡ್ರೆ ಅದು ಮಧ್ಯೆ ಸತ್ತಿರಬಹುದು. ಅದಕ್ಕೇ 4.1ರಿಂದ ಕನೆಕ್ಷನ್ ಹೆಲ್ತ್ ಚೆಕ್ಸ್ ಅಂತ ಸೆಟ್ಟಿಂಗ್ ಬಂತು, ರಿಕ್ವೆಸ್ಟ್‌ಗೆ ಒಂದೇ ಸಲ ನೋಡುತ್ತೆ. ಜಾವಾದ ಹಿಕಾರಿ ಪೂಲ್ ಇನ್ನೂ ಚಾಲಾಕು: ಅರ್ಧ ಸೆಕೆಂಡ್ ಒಳಗೆ ಬಳಸಿದ ಕನೆಕ್ಷನ್ ಆದ್ರೆ ಪರೀಕ್ಷೆನೇ ಮಾಡಲ್ಲ.

ಹಂಗಂತ ಮಂಡಿಪೇಟೆಯವ್ರು ಪರ್ಸಿಸ್ಟೆಂಟ್ ಕನೆಕ್ಷನ್ (ರಿಕ್ವೆಸ್ಟ್ ಮುಗಿದ್ರೂ ಮುಚ್ಚದೇ ಉಳಿಯೋದು) ಆನ್ ಮಾಡೋಕೆ ಹೋಗಬೇಡ್ರಿ. ಅಂಗಡಿಗೊಂದು ಯೂಸರ್ ಇರೋದ್ರಿಂದ ಒಂದೊಂದು ವರ್ಕರ್ ಕೂಡ ಅಂಗಡಿಗೊಂದು ಕನೆಕ್ಷನ್ ಹಿಡ್ಕೊಂಡು ಕೂರುತ್ತೆ. 20 ವರ್ಕರ್, 60 ಅಂಗಡಿ ಅಂದ್ರೆ 1200. ಮೈಎಸ್‌ಕ್ಯೂಎಲ್ ಡೀಫಾಲ್ಟ್ ಮಿತಿ 151.

ಡಿಬಿ_ಅಕ್ಕ

ಒಂದು ವಿಷಯ ಯಾರೂ ಎತ್ತಿಲ್ಲ. ಅಂಗಡಿಯನ್ನು ಹಳೇ ಸರ್ವರ್‌ನಿಂದ ಹೊಸ ಸರ್ವರ್‌ಗೆ ಸಾಗಿಸುವಾಗ ಜಾಗ್ರತೆ. ನಾನು ಕನೆಕ್ಷನ್ ವಿವರ ಕೂಗುವ ಜಾತಿಯದು ಅಂದೆ, ಆದರೆ ಈ ಒಂದು ಸಂದರ್ಭದಲ್ಲಿ ಅದು ಮೂಕವಾಗುತ್ತೆ. ಮಾಸ್ಟರ್‌ನಲ್ಲಿ ಹೊಸ ವಿಳಾಸ ಬರೆದಿರಿ, ಆದರೆ ವೆಬ್ ಸರ್ವರ್ ಕ್ಯಾಶ್‌ನಲ್ಲಿ ಹಳೇ ವಿಳಾಸ ಇದೆ, ಹಳೇ ಡೇಟಾಬೇಸ್ ಇನ್ನೂ ಬಾಗಿಲು ತೆರೆದೇ ಇದೆ. ಅರ್ಧ ಪಟ್ಟಿ ಅಲ್ಲಿ, ಅರ್ಧ ಇಲ್ಲಿ. ಅದನ್ನು ಕೂಡಿಸೋ ಕೆಲಸ ಯಾರಿಗೂ ಬೇಡ.

ಹಾಗಾಗಿ ಡೇಟಾ ಸಾಗಿಸೋಕೆ ಮುಂಚೆ ಹಳೇ ಸರ್ವರ್‌ನಲ್ಲಿ ಆ ಅಂಗಡಿಯ ಯೂಸರ್‌ಗೆ ಅಕೌಂಟ್ ಲಾಕ್ ಹಾಕಿ. ಆಮೇಲೆ ಬರೋ ಕನೆಕ್ಷನ್‌ಗೆ 3118 ಎರರ್ ಬೀಳುತ್ತೆ. ನಿಮ್ಮ ಮರು-ಓದುವ ಪಟ್ಟಿಗೆ 3118ನ್ನೂ ಸೇರಿಸಿ. ಲಾಕ್ ಹೊಸ ಕನೆಕ್ಷನ್‌ಗೆ ಮಾತ್ರ ಅನ್ವಯ, ಆಗಲೇ ಒಳಗಿದ್ದವರನ್ನು ಪ್ರೋಸೆಸ್‌ಲಿಸ್ಟ್ ನೋಡಿ ಕಿಲ್ ಮಾಡಬೇಕು. ಡಂಪ್ ತೆಗೆದು, ಹೊಸ ಕಡೆ ಹಾಕಿ, ಮಾಸ್ಟರ್ ತಿದ್ದಿ. ಕ್ಯಾಶ್ ಒರೆಸೋದು ಮರೆತರೂ ತಪ್ಪು ಜಾಗಕ್ಕೆ ಒಂದು ಅಕ್ಷರವೂ ಬೀಳಲ್ಲ.

ವಿದ್ಯಾನಗರ_ಫ್ರೆಶರ್

ಚಂದಾ ಕಟ್ಟಿದಾರಾ ಅನ್ನೋ ಚೆಕ್? ಅದೂ ಸದ್ದಿಲ್ಲದ ಜಾತಿ ತಾನೇ ಅಕ್ಕಾ? ಹಳೇ ಕ್ಯಾಶ್ ಇದ್ರೆ ದುಡ್ಡು ಕಟ್ಟದವರೂ ಬಳಸ್ತಾರೆ.

ಹರಿಹರ_ಸರ್ವರ್

ಬಳಸ್ಲಿ ಬಿಡು, ಐದು ನಿಮಿಷ ಜಾಸ್ತಿ ಬಳಸಿದ್ರೆ ಯಾರ ಗಂಟು ಹೋಯ್ತು? ಉಲ್ಟಾ ಕಡೆ ನೋಡ್ಕೊಳ್ರಿ: ದುಡ್ಡು ಕಟ್ಟಿದವನಿಗೆ ಐದು ನಿಮಿಷ "ಬಂದ್" ಅಂತ ತೋರ್ಸಿದ್ರೆ ಫೋನ್ ಬರುತ್ತೆ. ಬಂದ್ ಪೇಜ್ ತೋರಿಸೋ ಮುಂಚೆ ಮಾತ್ರ ಮಾಸ್ಟರ್‌ನ ಒಮ್ಮೆ ಕೇಳ್ರಿ. ಬಂದ್ ಆಗಿರೋರು ಕೆಲವೇ ಜನ, ಭಾರ ಬೀಳಲ್ಲ.

ಮಂಡಿಪೇಟೆ_ಪಿಎಚ್‌ಪಿ

ಸ್ಕಿಪ್-ನೇಮ್-ರಿಸಾಲ್ವ್ ಹಾಕಿದೆ. ಐದು ಸೆಕೆಂಡಿನ ಕಾಟ ಆಮೇಲೆ ಲಾಗ್‌ನಾಗೆ ಕಂಡಿಲ್ಲ. ಎರಡು ಗ್ರಾಂಟ್ ಹೆಸರಿನ ಮೇಲಿದ್ವು, ಮೊದಲೇ ಹೇಳಿದ್ರಲ್ಲ, ಬದಲಾಯಿಸಿಟ್ಟೆ. ಎಪಿಸಿಯು ಕೋಡ್ ಬರೀತಾ ಇದೀನಿ. ಎರರ್ ಬಂದ್ರೆ ವಿವರ ಹೊಸದಾಗಿ ತಂದು ರಿಕ್ವೆಸ್ಟ್‌ನ ಮೊದಲಿಂದ ಓಡಿಸೋ ತರ ಒಂದು ರ‍್ಯಾಪರ್ ಮಾಡೀನಿ, ಯಾವ ಎರರ್ ಆದ್ರೂ ಅಲ್ಲೇ ಹಿಡೀತದೆ. ಮುಂದಿನ ಸಲ ಊರಿಗೆ ಬಂದಾಗ ಅಕ್ಕನಿಗೆ ಬೆಣ್ಣೆದೋಸೆ ನನ್ನ ಲೆಕ್ಕಕ್ಕೆ. ಹರಿಹರದೋರು, ದುರ್ಗದೋರೂ ಬರ್ರಿ.

ಡಿಬಿ_ಅಕ್ಕ

ದೋಸೆಗೆ ಬರ್ತೀನಿ, ಆದರೆ ಆ ರ‍್ಯಾಪರ್ ಹಾಕಬೇಡಿ. ಮರುಪ್ರಯತ್ನ ಕನೆಕ್ಟ್ ಮಾಡೋ ಸಾಲಿನ ಸುತ್ತ ಮಾತ್ರ ಇರಲಿ. ಕನೆಕ್ಟ್ ಆದ ಮೇಲೆ, ಕಮಿಟ್ ಕಳಿಸಿದ ಕ್ಷಣದಲ್ಲಿ ಲೈನ್ ಕಡಿದರೆ 2013 ಬರುತ್ತೆ. ಆಗ ಪಟ್ಟಿ ಸೇವ್ ಆಗಿದೆಯೋ ಇಲ್ಲವೋ ನಿಮಗೆ ಗೊತ್ತಿರಲ್ಲ. ರ‍್ಯಾಪರ್ ಮತ್ತೆ ಮೊದಲಿಂದ ಓಡಿಸಿದರೆ ಒಂದೇ ಲಾಟ್‌ಗೆ ಎರಡು ಪಟ್ಟಿ. ಪಟ್ಟಿ ಟೇಬಲ್‌ನಲ್ಲಿ ಲಾಟ್ ನಂಬರ್ ಮತ್ತು ತಾರೀಖಿನ ಮೇಲೆ ಯುನೀಕ್ ಕೀ (ಅದೇ ಜೋಡಿ ಎರಡನೇ ಸಲ ಬರದಂತೆ ತಡೆಯೋದು) ಇದೆಯಾ, ಅದನ್ನ ಮೊದಲು ನೋಡಿ.

ಮಂಡಿಪೇಟೆ_ಪಿಎಚ್‌ಪಿ

ಇಲ್ಲ ಅಕ್ಕ. ಈಗ ಹಾಕ್ತೀನಿ. ಒಂದೇ ಲಾಟ್‌ನ ಇಬ್ಬರು ಖರೀದಿದಾರರಿಗೆ ಹಂಚೋದು ಉಂಟು, ಹಂಗಾಗಿ ಖರೀದಿದಾರನ ಕೋಡ್ ಸೇರಿಸಿ ಹಾಕಬೇಕಾಗ್ತದೆ.